ಪೋಲೊ 1.2 ಪೆಟ್ರೋಲಿಗೆ ಟಿಡಿಐನ ಲೋಯರಿಂಗ್ ಸ್ಪ್ರಿಂಗ್ ಹಾಕಿದ್ರೆ ಎಷ್ಟು ಇಳಿಯುತ್ತೆ?

ತುಮಕೂರು_ಪೋಲೊ:

ಗಾಡಿ 2012ರ ಪೋಲೊ 1.2 ಎಂಪಿಐ ಪೆಟ್ರೋಲ್, ಮ್ಯಾನ್ಯುಯಲ್, 185/60 ಆರ್15 ಟೈರು. ಸ್ಪ್ರಿಂಗು, ಶಾಕು ಎಲ್ಲಾ ಕಂಪನಿಯಿಂದ ಬಂದದ್ದೇ. 78,000 ಕಿ.ಮೀ. ಓಡಿದೆ, ಶಾಕ್‌ನಲ್ಲಿ ಆಯಿಲ್ ಸೋರಿಕೆ ಇಲ್ಲ.

ಬೆಂಗಳೂರಿನಲ್ಲಿ ಒಬ್ಬರು 1.5 ಟಿಡಿಐ (ಡೀಸೆಲ್) ಪೋಲೊದಲ್ಲಿರೋ ಲೋಯರಿಂಗ್ ಸ್ಪ್ರಿಂಗ್ (ಗಾಡಿಯ ಎತ್ತರ ಇಳಿಸೋ ಸ್ಪ್ರಿಂಗ್) ಸೆಟ್ ಮಾರ್ತಿದಾರೆ. ಅವರು ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಜೋಡಿ) ಹಾಕಿಸ್ತಿರೋದ್ರಿಂದ ಇವನ್ನ ಬಿಚ್ಚಿಸ್ತಾರಂತೆ. ಡಬ್ಬದ ಮೇಲೆ ಹಿಂದೆ ಮುಂದೆ ಎರಡಕ್ಕೂ 35 ಮಿ.ಮೀ. ಅಂತಿದೆ. ಯುರೋಪಿಯನ್ ಸೆಟ್, ಡೀಸೆಲ್ ಎಂಜಿನ್‌ಗಳ ಗುಂಪಿನದು.

ಇಲ್ಲಿನ ಗ್ಯಾರೇಜಿನವರು "ಎರಡೂ ಪೋಲೊನೇ ಅಲ್ವಾ, ಕೂರುತ್ತೆ ಬಿಡಿ" ಅಂತಾರೆ. ಕೂರೋದು ಸರಿ, ನನಗೆ ಬೇಕಿರೋದು ಬೇರೆ. ಒಂದು, ಹಗುರ ಎಂಜಿನ್ ಗಾಡಿಯಲ್ಲಿ ಇವು ನಿಜವಾಗಿ ಎಷ್ಟು ಇಳಿಯುತ್ತವೆ? ಎರಡು, ಸವಾರಿ ಎಷ್ಟು ಗಟ್ಟಿಯಾಗುತ್ತೆ? ಮೂರು, ಈ ಹಳೇ ಶಾಕ್‌ಗಳು ತಡೆದುಕೊಳ್ತವಾ?

ಲೆಕ್ಕದ_ಪುಸ್ತಕ:

ಎಂಜಿನ್ ಹೆಸರು ಸದ್ಯಕ್ಕೆ ಬದಿಗಿಡಿ. ಸ್ಪ್ರಿಂಗ್ ಆರಿಸೋಕೆ ಬೇಕಾದ ಅಂಕಿ ಮುಂದಿನ ಆಕ್ಸಲ್ ಮೇಲೆ ಬೀಳುವ ಭಾರ. ಬ್ರೋಷರಿನಲ್ಲಿರುವ ಕರ್ಬ್ ವೆಯ್ಟ್ (ಖಾಲಿ ಗಾಡಿಯ ತೂಕ) ವ್ಯತ್ಯಾಸ ನೋಡಿ ಅದನ್ನೇ ಮುಂದಿನ ಆಕ್ಸಲ್‌ಗೆ ಹಾಕಿಬಿಟ್ಟರೆ ಲೆಕ್ಕ ತಪ್ಪುತ್ತದೆ. ಅಡ್ಡಕ್ಕೆ ಕೂರಿಸಿದ ಎಂಜಿನ್ನಿನ ಭಾರದ ಕೇಂದ್ರ ಸಾಮಾನ್ಯವಾಗಿ ಮುಂದಿನ ಆಕ್ಸಲ್ ಗೆರೆಗಿಂತ ಸ್ವಲ್ಪ ಮುಂದಿರುತ್ತದೆ. ಹೆಚ್ಚುವರಿ 90 ಕೆ.ಜಿ. ಆಕ್ಸಲ್‌ಗಿಂತ 250 ಮಿ.ಮೀ. ಮುಂದೆ ಕೂತಿದೆ ಎಂದಿಟ್ಟುಕೊಳ್ಳಿ. ಪೋಲೊದ ವೀಲ್‌ಬೇಸ್ (ಎರಡು ಆಕ್ಸಲ್‌ಗಳ ನಡುವಿನ ದೂರ) 2,456 ಮಿ.ಮೀ. ಮುಂದಿನ ಆಕ್ಸಲ್‌ಗೆ ಸೇರುವುದು 99 ಕೆ.ಜಿ., ಹಿಂದಿನ ಆಕ್ಸಲ್‌ನಿಂದ 9 ಕೆ.ಜಿ. ಕಳೆಯುತ್ತದೆ. ಅಂದರೆ ಭಾರದ ಎಂಜಿನ್ ಗಾಡಿಯ ಹಿಂಭಾಗ ಒಂದಿಷ್ಟು ಹಗುರವಾಗುತ್ತದೆ. ಜನ ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ನಿಮ್ಮ 1.2 ಎಂಪಿಐ ಮೂರು ಸಿಲಿಂಡರ್, ಅಲ್ಯೂಮಿನಿಯಂ ಬ್ಲಾಕ್. 1.5 ಟಿಡಿಐ ನಾಲ್ಕು ಸಿಲಿಂಡರ್, ಎರಕದ ಕಬ್ಬಿಣದ ಬ್ಲಾಕ್, ಮೇಲೆ ಟರ್ಬೊ, ಇಂಟರ್‌ಕೂಲರ್, ಹೆಚ್ಚು ಟಾರ್ಕ್ ತಡೆಯುವ ಗೇರ್‌ಬಾಕ್ಸ್, ದೊಡ್ಡ ಬ್ಯಾಟರಿ. ಕಂಪನಿ ಎರಡನ್ನೂ ಹೆಚ್ಚುಕಮ್ಮಿ ಒಂದೇ ಎತ್ತರದಲ್ಲಿ ನಿಲ್ಲಿಸುತ್ತದೆ, ಭಾರದ ಗಾಡಿಗೆ ಬೇರೆ ಸ್ಪ್ರಿಂಗ್ ಕೊಟ್ಟು. ಲೋಯರಿಂಗ್ ಸ್ಪ್ರಿಂಗ್ ಮಾಡುವವರು ಆ ಗುಂಪಿನ ಭಾರಕ್ಕೆ ಲೆಕ್ಕ ಹಾಕಿ 35 ಎಂದು ಬರೆದಿದ್ದಾರೆ. ಭಾರ ಕಡಿಮೆಯಾದರೆ ಅದೇ ಸ್ಪ್ರಿಂಗ್ ಅಷ್ಟು ಕುಗ್ಗುವುದಿಲ್ಲ.

ಸದ್ಯಕ್ಕೆ ಅಂದಾಜು: ಮುಂದಿನ ಆಕ್ಸಲ್‌ನಲ್ಲಿ 100 ಕೆ.ಜಿ. ವ್ಯತ್ಯಾಸ, ಅಂದರೆ ಚಕ್ರಕ್ಕೆ 50 ಕೆ.ಜಿ., 490 ನ್ಯೂಟನ್. ಸ್ಪ್ರಿಂಗ್ ರೇಟ್ (ಒಂದು ಮಿ.ಮೀ. ಕುಗ್ಗಿಸಲು ಬೇಕಾದ ಬಲ) 25 ನ್ಯೂಟನ್/ಮಿ.ಮೀ. ಇದ್ದರೆ 490 ÷ 25, ಸುಮಾರು 20 ಮಿ.ಮೀ. ಡೀಸೆಲ್‌ನಲ್ಲಿ 35 ಇಳಿಸುವ ಸ್ಪ್ರಿಂಗ್ ನಿಮ್ಮಲ್ಲಿ ಮುಂದೆ 15ರ ಸುತ್ತಮುತ್ತ ಇಳಿಸುತ್ತದೆ. ಹಿಂದೆ ಪೂರ್ತಿ 35, ಅಥವಾ ಅದಕ್ಕಿಂತ ಒಂದೆರಡು ಹೆಚ್ಚು. ಮೂಗು ಮೇಲೆ, ಬೆನ್ನು ಕೆಳಗೆ. ಲೋಡ್ ತುಂಬಿದ ಟೆಂಪೊ ಥರ ನಿಲ್ಲುತ್ತದೆ.

ಇದಕ್ಕಿಂತ ನಿಖರವಾಗಿ ಬೇಕಿದ್ದರೆ ಎರಡೂ ಗಾಡಿಗಳ ಆಕ್ಸಲ್ ತೂಕ, ಸ್ಪ್ರಿಂಗಿನ ಅಳತೆ, ಹಬ್ ನಡುವಿನಿಂದ ಫೆಂಡರ್ ಅಂಚಿನವರೆಗಿನ ಎತ್ತರ ಕೊಡಿ.

ಸ್ಟೆಪ್ನಿ_ಸಿದ್ದ:

ಮೇಲಿನವರು ಕೇಳಿದ್ದನ್ನ ತರೋದು ಹೇಗೆ ಅಂತ ಹೇಳ್ತೀನಿ.

ವೇಬ್ರಿಡ್ಜ್‌ಗೆ ಹೋಗಿ. ಮೊದಲು ಇಡೀ ಗಾಡಿ, ಆಮೇಲೆ ಮುಂದಿನ ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ. ಹಿಂದಿನ ಚಕ್ರ ನಿಂತಿರೋ ನೆಲ ಪ್ಲಾಟ್‌ಫಾರ್ಮ್ ಮಟ್ಟಕ್ಕೇ ಇರಬೇಕು, ಇಳಿಜಾರಿನ ರ್‍ಯಾಂಪ್ ಮೇಲೆ ನಿಂತರೆ ಅಂಕಿ ಕೆಡುತ್ತೆ. ಹ್ಯಾಂಡ್‌ಬ್ರೇಕ್ ಬಿಟ್ಟು ನ್ಯೂಟ್ರಲ್‌ನಲ್ಲಿಡಿ, ಒಳಗೆ ಯಾರೂ ಇರಬಾರದು, ಟ್ಯಾಂಕ್ ಫುಲ್. ಲಾರಿ ತೂಗೋ ವೇಬ್ರಿಡ್ಜ್ 10 ಕೆ.ಜಿ. ಹೆಜ್ಜೆಯಲ್ಲಿ ತೋರಿಸಿದ್ರೆ ಪ್ರತಿ ಓದಿಗೂ 5 ಕೆ.ಜಿ. ಅತ್ತಿತ್ತ ಅಂತ ಇಟ್ಕೊಳ್ಳಿ. 20ರ ಹೆಜ್ಜೆಯದಾದ್ರೆ ಬೇರೆ ಕಡೆ ಹೋಗಿ.

ಮನೆಯಲ್ಲೇ ಆಗಬೇಕಂದ್ರೆ, ಜನ ತೂಗೋ ಎರಡು ಡಿಜಿಟಲ್ ತಕ್ಕಡಿ ಅಕ್ಕಪಕ್ಕ ಇಟ್ಟು, ಮೇಲೆ ದಪ್ಪ ಹಲಗೆ ಹಾಕಿ, ಹಲಗೆ ನಡುವೆ ಚಕ್ರ ನಿಲ್ಲಿಸಿ ಎರಡರ ಓದೂ ಕೂಡಿಸಿ. ಒಂದೊಂದರ ಮಿತಿ 180 ಕೆ.ಜಿ. ಇದ್ರೆ ಪೆಟ್ರೋಲ್ ಪೋಲೊಗೆ ಸಾಕು, ಡೀಸೆಲ್ಲಿಗೆ ಸಾಲಲ್ಲ. ಉಳಿದ ಮೂರು ಚಕ್ರದ ಕೆಳಗೂ ತಕ್ಕಡಿ, ಹಲಗೆ ಎರಡೂ ಸೇರಿದಷ್ಟೇ ಎತ್ತರಕ್ಕೆ ಹಲಗೆ ಇಡಲೇಬೇಕು. ಇಲ್ಲಾಂದ್ರೆ ಎತ್ತರದಲ್ಲಿರೋ ಮೂಲೆಗೆ ಭಾರ ಹೆಚ್ಚು ಬೀಳುತ್ತೆ.

ಇನ್ನು ಕ್ಯಾಟಲಾಗ್ ಓದೋ ವಿಷಯ. ಜರ್ಮನಿಯ ಸ್ಪ್ರಿಂಗ್ ಕಂಪನಿಗಳು, ಐಬಾಕ್ ಆಗಲಿ ಎಚ್ ಅಂಡ್ ಆರ್ ಆಗಲಿ, ಒಂದೇ ಮಾಡೆಲ್ಲಿಗೆ "ಮುಂದಿನ ಆಕ್ಸಲ್ ಇಷ್ಟು ಕೆ.ಜಿ.ವರೆಗೆ", "ಇಷ್ಟಕ್ಕಿಂತ ಮೇಲೆ" ಅಂತ ಬೇರೆ ಬೇರೆ ನಂಬರ್ ಕೊಡ್ತಾರೆ. ಆ ಕೆ.ಜಿ. ಗಾಡಿಯ ಅನುಮತಿಸಿದ ಗರಿಷ್ಠ ಆಕ್ಸಲ್ ಭಾರ. ಯುರೋಪಿನ ಗಾಡಿಯ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ) ಪ್ಲೇಟ್‌ನಲ್ಲಿ 1, 2 ಅಂತ ಗುರುತಿನ ಎದುರು ಇರೋದು ಅದೇ. ವೇಬ್ರಿಡ್ಜ್ ಚೀಟಿಯ ಅಂಕಿ ಹಿಡ್ಕೊಂಡು ಆ ಕಾಲಂನಲ್ಲಿ ಹುಡುಕಿದ್ರೆ ಯಾವಾಗಲೂ ಹಗುರ ಗುಂಪಿನ ಸ್ಪ್ರಿಂಗೇ ಸಿಗುತ್ತೆ, ಯಾಕಂದ್ರೆ ಖಾಲಿ ಗಾಡಿ ಗರಿಷ್ಠ ಮಿತಿಗಿಂತ ಎಷ್ಟೋ ಕಡಿಮೆ ತೂಗುತ್ತೆ. ಡೀಸೆಲ್ ಗಾಡಿಯವರು ಸಿಕ್ಕಿಬೀಳೋದು ಇಲ್ಲೇ.

ಫೋಕ್ಸ್‌ವ್ಯಾಗನ್ ಗಾಡಿಯಾದ್ದರಿಂದ ಇನ್ನೊಂದು ದಾರಿ ಇದೆ. ಬೂಟ್‌ನಲ್ಲಿ ಸ್ಟೆಪ್ನಿ ಜಾಗದ ಹತ್ತಿರ ಅಥವಾ ಸರ್ವಿಸ್ ಪುಸ್ತಕದಲ್ಲಿ ಕೋಡ್‌ಗಳ ಸ್ಟಿಕ್ಕರ್ ನೋಡಿ. ಮೂರು ಮೂರು ಅಕ್ಷರದ ಕೋಡ್‌ಗಳಲ್ಲಿ ಸೊನ್ನೆ ಆದ್ಮೇಲೆ "ಜೆ" ಬರೋದು ಮುಂದಿನ ಆಕ್ಸಲ್‌ನ ತೂಕದ ವರ್ಗ. ಎರಡೂ ಗಾಡಿಯ ಸ್ಟಿಕ್ಕರ್ ಪಕ್ಕಪಕ್ಕ ಇಟ್ಟು ನೋಡಿದ್ರೆ ಕಂಪನಿಯೇ ಇವನ್ನ ಬೇರೆ ವರ್ಗ ಅಂತ ಗುರುತಿಸಿರೋದು ಗೊತ್ತಾಗುತ್ತೆ.

ಮುಖ್ಯವಾದ್ದು ಇನ್ನೊಂದು. ಇಂಡಿಯಾದ ಪೋಲೊ ಯುರೋಪಿನ ಪೋಲೊಗಿಂತ ಎತ್ತರ ನಿಲ್ಲುತ್ತೆ. ಡಬ್ಬದ ಮೇಲಿನ 35 ಅಲ್ಲಿನ ಎತ್ತರದಿಂದ ಕಳೆದದ್ದು. ಅದೇ ಸ್ಪ್ರಿಂಗ್ ಇಲ್ಲಿನ ಟಿಡಿಐನಲ್ಲಿ 35ಕ್ಕಿಂತ ಹೆಚ್ಚು ಇಳಿಸುತ್ತೆ. ಅದಕ್ಕೇ ಡಬ್ಬದ ಅಂಕಿ ಮರೆತು ಮಾರೋರ ಗಾಡಿಯಲ್ಲೇ ಟೇಪ್ ಹಿಡಿದು ಅಳೀರಿ. ಹಬ್ ನಡುವಿನಿಂದ ಫೆಂಡರ್ ಅಂಚಿಗೆ ಅಳೆದ್ರೆ ಟೈರು ಯಾವುದಿದ್ರೂ ತೊಂದರೆ ಇಲ್ಲ.

ತುಮಕೂರು_ಪೋಲೊ:

ಎಲ್ಲಾ ಅಳೆದಿದ್ದೀನಿ. ಎರಡೂ ಗಾಡಿ ಒಂದೇ ವೇಬ್ರಿಡ್ಜ್‌ನಲ್ಲಿ, ಟ್ಯಾಂಕ್ ಫುಲ್, ಖಾಲಿ ಗಾಡಿ.

ನನ್ನ ಪೆಟ್ರೋಲ್: ಒಟ್ಟು 1,060, ಮುಂದೆ 640, ಹಿಂದೆ 420 ಕೆ.ಜಿ.
ಮಾರೋರ ಟಿಡಿಐ: ಒಟ್ಟು 1,150, ಮುಂದೆ 740, ಹಿಂದೆ 410 ಕೆ.ಜಿ.

ಎತ್ತರ ನನ್ನದು ಮುಂದೆ 386, ಹಿಂದೆ 388 ಮಿ.ಮೀ. ಟಿಡಿಐ ಈ ಸ್ಪ್ರಿಂಗ್ ಮೇಲೆ ಮುಂದೆ 344, ಹಿಂದೆ 350.

ಚಕ್ರ ಬಿಚ್ಚಿ ವರ್ನಿಯರ್ ಹಿಡಿದಾಗ ಮುಂದಿನ ಸ್ಪ್ರಿಂಗ್ ಕಂಬಿ ಪೇಂಟ್ ಸೇರಿ 12.5 ಮಿ.ಮೀ. ಸುತ್ತಿನ ಹೊರ ವ್ಯಾಸ 137.5. ಓಡಾಡೋ (ಕುಗ್ಗಿ ಹಿಗ್ಗೋ) ಸುತ್ತು ನಾಲ್ಕೂವರೆ. ನನ್ನ ಹಳೇ ಸ್ಪ್ರಿಂಗ್ ಅಳೆದು ಲೆಕ್ಕ ಹಾಕಿದ್ರೆ 20 ನ್ಯೂಟನ್/ಮಿ.ಮೀ. ಹತ್ತಿರ ಬಂತು.

ಲೆಕ್ಕದ_ಪುಸ್ತಕ:

ಇದು ಲೆಕ್ಕ ಮಾಡೋಕೆ ಸಿಗಬೇಕಾದ ಮಾಹಿತಿ. ಚೀಟಿ ನೋಡಿ: ಒಟ್ಟು ವ್ಯತ್ಯಾಸ 90, ಮುಂದೆ 100, ಹಿಂದೆ ನಿಮ್ಮದೇ 10 ಹೆಚ್ಚು.

ಸ್ಪ್ರಿಂಗ್ ರೇಟ್ ಸೂತ್ರ: ಮೇಲೆ, ಉಕ್ಕಿನ ತಿರುಚು ಗುಣಾಂಕ 79,000 ಗುಣಿಸು ಕಂಬಿ ವ್ಯಾಸದ ನಾಲ್ಕನೇ ಘಾತ. ಕೆಳಗೆ, 8 ಗುಣಿಸು ಸುತ್ತಿನ ಸರಾಸರಿ ವ್ಯಾಸದ ಘನ ಗುಣಿಸು ಓಡಾಡುವ ಸುತ್ತುಗಳ ಸಂಖ್ಯೆ. ಎಲ್ಲ ಅಳತೆಯೂ ಮಿ.ಮೀ.ನಲ್ಲಿ. ಸರಾಸರಿ ವ್ಯಾಸ ಅಂದರೆ ಹೊರ ವ್ಯಾಸದಿಂದ ಒಂದು ಕಂಬಿಯ ದಪ್ಪ ಕಳೆದದ್ದು, ಇಲ್ಲಿ 125.

12.5 ಎಂದೇ ಹಾಕಿದರೆ 27.4 ನ್ಯೂಟನ್/ಮಿ.ಮೀ. ಬರುತ್ತದೆ. ಆದರೆ ಪೌಡರ್ ಕೋಟಿಂಗ್ ಭಾರ ಹೊರುವುದಿಲ್ಲ. ಸುತ್ತಲೂ 0.1 ಮಿ.ಮೀ. ಬಣ್ಣ ಎಂದರೂ ಉಕ್ಕು 12.3, ಆಗ 25.7. ಬಣ್ಣದ ಒಂದು ಪದರಕ್ಕೆ ಆರು ಶೇಕಡಾ ವ್ಯತ್ಯಾಸ, ನಾಲ್ಕನೇ ಘಾತದ ಮಹಿಮೆ. 25.7 ಇಟ್ಟುಕೊಳ್ಳೋಣ. ಮ್ಯಾಕ್‌ಫರ್ಸನ್ ಸ್ಟ್ರಟ್ (ಶಾಕ್, ಸ್ಪ್ರಿಂಗ್ ಒಟ್ಟಿಗಿರುವ ಮುಂದಿನ ಜೋಡಣೆ) ಓರೆಯಾಗಿ ನಿಲ್ಲುವುದರಿಂದ ಚಕ್ರದ ಬಳಿ ಸಿಗುವ ರೇಟ್ ಸುಮಾರು ಹತ್ತು ಶೇಕಡಾ ಕಡಿಮೆ: 23. ನಿಮ್ಮ ಹಳೆಯ 20 ಕೂಡ ಹಾಗೆಯೇ 18.

ಈಗ 490 ÷ 23 = 21 ಮಿ.ಮೀ. ಟಿಡಿಐನಲ್ಲಿ 344ಕ್ಕೆ ನಿಂತ ಸ್ಪ್ರಿಂಗ್ ನಿಮ್ಮಲ್ಲಿ 365ಕ್ಕೆ ನಿಲ್ಲುತ್ತದೆ. 386ರಿಂದ ಇಳಿದದ್ದು 21. ಹಿಂದೆ ಚಕ್ರಕ್ಕೆ 5 ಕೆ.ಜಿ. ಹೆಚ್ಚು ಇರುವುದರಿಂದ 350 ಅಲ್ಲ, 348, ಇಳಿದದ್ದು 40. ವೇಬ್ರಿಡ್ಜ್ ಹೆಜ್ಜೆ, ಪೇಂಟು, ಹಳೇ ಬುಷ್‌ಗಳ (ರಬ್ಬರ್ ಕೀಲುಗಳ) ಬಿಗಿತ ಎಲ್ಲ ಸೇರಿ ಮುಂದಿನ ಅಂಕಿ ನಾಲ್ಕು ಮಿ.ಮೀ. ಅತ್ತಿತ್ತ ಆಗಬಹುದು. ಮೂಗು ಮೇಲೇಳುವುದು ಮಾತ್ರ ಬದಲಾಗದು.

ಗಟ್ಟಿತನ: ಮುಂದಿನ ಮೂಲೆಯಲ್ಲಿ 320 ಕೆ.ಜಿ. ಅದರಲ್ಲಿ ಚಕ್ರ, ಬ್ರೇಕ್, ನಕಲ್ (ಚಕ್ರದ ಹಬ್ ಹಿಡಿಯುವ ತುಂಡು) ಎಂದು ಸ್ಪ್ರಿಂಗಿನ ಕೆಳಗಿರುವುದು ಸುಮಾರು 35, ಮೇಲಿರುವುದು 285. ಈಗಿನ 18ರ ರೇಟ್‌ಗೆ ಆವರ್ತನ (ಗಾಡಿ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎಂಬುದು) 1.27 ಹರ್ಟ್ಸ್, ಹೊಸದರಲ್ಲಿ 1.43. ಅದೇ ಸ್ಪ್ರಿಂಗ್ ಟಿಡಿಐನಲ್ಲಿ 1.32. ಅಂದರೆ ಮಾರುವವರು "ಸವಾರಿ ಆರಾಮಾಗಿದೆ" ಎಂದು ಹೇಳಿದ್ದರೆ ಅದು ಅವರ ಗಾಡಿಯ ಮಟ್ಟಿಗೆ ನಿಜ. ನಿಮ್ಮದರಲ್ಲಿ ಅದಕ್ಕಿಂತ ಕುಲುಕುತ್ತದೆ, ಅದೂ ಅರ್ಧ ಇಳಿತಕ್ಕೆ. ಗಟ್ಟಿಯೂ ಆಗಿ ಎತ್ತರವೂ ಉಳಿಯುವ ಸ್ಪ್ರಿಂಗ್ ಯಾರಿಗೆ ಬೇಕು?

ಪ್ರೊಗ್ರೆಸಿವ್ (ಒತ್ತಿದಷ್ಟೂ ಗಟ್ಟಿಯಾಗುವ) ಸ್ಪ್ರಿಂಗ್ ಆಗಿದ್ದರೆ, ಗಾಡಿ ನಿಂತಾಗ ಒಂದಕ್ಕೊಂದು ತಾಗಿರುವ ಸುತ್ತುಗಳನ್ನು ಎಣಿಸಬೇಡಿ. ಅವು ಸತ್ತಂತೆ. ಆದರೆ ಹಗುರ ಗಾಡಿಯಲ್ಲಿ ಅವುಗಳಲ್ಲಿ ಒಂದು ಬಿಚ್ಚಿಕೊಂಡು ಮತ್ತೆ ಓಡಾಡತೊಡಗಬಹುದು. ಆಗ ಚಿಕ್ಕ ಗುಂಡಿಗಳಲ್ಲಿ ಒಂದು ಸುತ್ತು ಇನ್ನೊಂದಕ್ಕೆ ಬಡಿದು ಟಿಕ್ ಟಿಕ್ ಸದ್ದು ಬರುತ್ತದೆ. ತಾಗುವ ಜಾಗಕ್ಕೆ ರಬ್ಬರ್ ಸ್ಲೀವ್ ಇದೆಯಾ ನೋಡಿಕೊಳ್ಳಿ.

ಮಲ್ನಾಡ್_ಟಿಡಿಐ:

ನಡುವೆ ನುಗ್ಗಿದ್ದಕ್ಕೆ ಕ್ಷಮಿಸಿ, ನನ್ನದು ಇದರ ಉಲ್ಟಾ ಪ್ರಶ್ನೆ. 1.5 ಟಿಡಿಐ ಗಾಡಿ, ತೂಕ ಮೇಲಿನ ಚೀಟಿಯಷ್ಟೇ ಅಂದ್ಕೊಳ್ಳಿ. ಪೆಟ್ರೋಲ್ ಗುಂಪಿನ 35 ಮಿ.ಮೀ. ಹೊಸ ಸೆಟ್ ಕಡಿಮೆ ಬೆಲೆಗೆ ಸಿಗ್ತಿದೆ. ಸ್ವಲ್ಪ ಹೆಚ್ಚು ಇಳಿದ್ರೂ ನನಗೆ ಅಡ್ಡಿ ಇಲ್ಲ. ಘಾಟಿ ರಸ್ತೆ ಜಾಸ್ತಿ.

ಗ್ರೀಸ್_ಕೈ:

ಅಡ್ಡಿ ಇದೆ ಸರ್. ಪೆಟ್ರೋಲ್ ಸ್ಪ್ರಿಂಗಿನ ರೇಟ್ ಚಕ್ರದ ಬಳಿ 21 ಅಂತ ಇಟ್ರೆ 490 ÷ 21 ಅಂದ್ರೆ 23. 35ಕ್ಕೆ 23 ಸೇರಿ 58 ಮಿ.ಮೀ. ಇಂಡಿಯಾ ಎತ್ತರದ ಲೆಕ್ಕ ಸೇರಿಸಿದ್ರೆ ಇನ್ನೂ ಕೆಳಗೆ. ಅಷ್ಟು ಇಳಿದಾಗ ಗಾಡಿ ನಿಂತಲ್ಲೇ ಬಂಪ್ ಸ್ಟಾಪ್ (ಶಾಕ್ ಪೂರ್ತಿ ಕುಗ್ಗೋದನ್ನ ತಡೆಯೋ ಫೋಮ್ ತುಂಡು) ಮೇಲೆ ಕೂತಿರುತ್ತೆ ಅಥವಾ ಕೂದಲೆಳೆ ದೂರದಲ್ಲಿರುತ್ತೆ. ಆಮೇಲೆ ನೀವು ಓಡಿಸೋದು ಸ್ಪ್ರಿಂಗ್ ಮೇಲಲ್ಲ, ಫೋಮ್ ತುಂಡಿನ ಮೇಲೆ. ಘಾಟಿಯ ತಿರುವಿನ ನಡುವೆ ಗುಂಡಿ ಸಿಕ್ತು ಅಂದ್ರೆ ಹೊರಗಿನ ಮುಂಚಕ್ರದ ರೇಟ್ ಒಂದೇ ಏಟಿಗೆ ಹಲವು ಪಟ್ಟು ಏರಿ, ಆ ಟೈರು ಹಿಡಿತ ಬಿಟ್ಟು ಗಾಡಿ ನೆಟ್ಟಗೆ ಹೊರಗೆ ಜಾರುತ್ತೆ. ಶಾಕ್‌ನ ಕೆಳಗಿನ ವಾಲ್ವ್, ಸ್ಟ್ರಟ್ ಮೌಂಟಿಂಗ್ ಬೇರಿಂಗ್, ಲೋವರ್ ಆರ್ಮ್ ಬುಷ್ ಇವೇ ಮೊದಲು ಹೋಗೋದು.

ಇನ್ನೊಂದು ಕಣ್ಣಿಗೆ ಬೀಳದ ವಿಷಯ. ಲೋವರ್ ಆರ್ಮ್ ಒಳತುದಿ ಹೊರತುದಿಗಿಂತ ಕೆಳಗಿಳಿದಾಗ ಗಾಡಿಯ ರೋಲ್ ಸೆಂಟರ್ (ತಿರುವಲ್ಲಿ ಬಾಡಿ ವಾಲೋ ಕೇಂದ್ರ), ಬಾಡಿ ಇಳಿದದ್ದಕ್ಕಿಂತ ಹೆಚ್ಚು ಇಳಿಯುತ್ತೆ. ಹಾಗಾಗಿ ಗಟ್ಟಿ ಸ್ಪ್ರಿಂಗ್ ಹಾಕಿದ್ರೂ ತಿರುವಲ್ಲಿ ವಾಲೋದು ಕಡಿಮೆ ಆಗೋ ಬದಲು ಹೆಚ್ಚಾಗಬಹುದು. 30 ಮಿ.ಮೀ. ಒಳಗೆ ಇದು ಅಷ್ಟಾಗಿ ಕಾಡಲ್ಲ. 58ರಲ್ಲಿ ಕಾಡುತ್ತೆ.

ಹಗುರ ಗಾಡಿಗೆ ಭಾರದ ಸ್ಪ್ರಿಂಗ್ ಹಾಕಿದ್ರೆ ನೋಡೋಕೆ ಚೆನ್ನಾಗಿರಲ್ಲ ಅಷ್ಟೇ. ಭಾರದ ಗಾಡಿಗೆ ಹಗುರ ಸ್ಪ್ರಿಂಗ್ ಹಾಕೋದು ಅಪಾಯ. ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ತುಮಕೂರು ಅವರ ಮೂರನೇ ಪ್ರಶ್ನೆಗೆ ಬರ್ತೀನಿ. ರೇಟ್ 18ರಿಂದ 23ಕ್ಕೆ, ಅಂದ್ರೆ 28 ಶೇಕಡಾ ಏರಿದ್ರೆ ಬೇಕಾದ ಡ್ಯಾಂಪಿಂಗ್ ಅದರ ವರ್ಗಮೂಲದಷ್ಟು, 13 ಶೇಕಡಾ ಏರುತ್ತೆ. ಹೊಸ ಶಾಕ್ ಆಗಿದ್ರೆ ಇದು ಅದರ ಕೈಗೆ ನಿಲುಕುವ ಮಾತು. 78,000 ಓಡಿದ್ದು ಮೊದಲಿನ ಶಕ್ತಿ ಕಳೆದುಕೊಂಡಿರುತ್ತೆ, ಆಯಿಲ್ ಸೋರದಿದ್ರೂ. ಹಂಪ್ ದಾಟಿದ್ಮೇಲೆ ಮೂಗು ಒಂದೇ ಸಲಕ್ಕೆ ನಿಲ್ಲದೆ ಎರಡನೇ ಸಲ ಏಳುತ್ತೆ ಅಂದ್ರೆ ರೀಬೌಂಡ್ (ಶಾಕ್ ಹಿಗ್ಗೋದನ್ನ ತಡೆಯೋ ಶಕ್ತಿ) ಸತ್ತಿದೆ. ಸ್ಪ್ರಿಂಗ್ ಬದಲಿಸೋಕೆ ಸ್ಟ್ರಟ್ ಹೇಗೂ ಬಿಚ್ಚಬೇಕು. ಅದೇ ಕೂಲಿಯಲ್ಲಿ ಶಾಕ್, ಟಾಪ್ ಮೌಂಟಿಂಗ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು ಎಲ್ಲಾ ಹೊಸದು ಹಾಕಿಸೋದು ಲಾಭ.

ಎಷ್ಟು ಪಯಣ ಉಳಿದಿದೆ ಅಂತ ನೋಡೋಕೆ ಶಾಕ್ ರಾಡಿಗೆ ಒಂದು ಝಿಪ್ ಟೈ ಬಿಗಿದು ಸಿಲಿಂಡರ್ ತುದಿಗೆ ತಾಗಿಸಿಡಿ. ಮಾಮೂಲಿ ರಸ್ತೆಯಲ್ಲಿ ಓಡಿಸಿ ಬಂದು ಟೈ ಎಲ್ಲಿಗೆ ತಳ್ಳಿಸಿಕೊಂಡಿದೆ ನೋಡಿ. ದಿನಾ ಬಂಪ್ ಸ್ಟಾಪಿಗೆ ಒತ್ತಿಕೊಂಡಿದ್ರೆ ಆ ಇಳಿತ ನಿಮ್ಮ ರಸ್ತೆಗೆ ಹೆಚ್ಚಾಯ್ತು.

ಬಂಪ್ ಸ್ಟಾಪ್ ಕತ್ತರಿಸೋ ವಿಚಾರ: ಕಿಟ್ ಜೊತೆ ಬಂದ ಹಾಳೆಯಲ್ಲಿ ಹೇಳಿದ್ರೆ ಮಾತ್ರ, ಹೇಳಿದಷ್ಟೇ. ಹಾಳೆ ಬೇರೆ ಥರ ಹೇಳದಿದ್ರೆ ಮೌಂಟಿಂಗ್ ಕಡೆಯ ದಪ್ಪ ಗೆಣ್ಣು ತೆಗೀಬೇಕು, ಚೂಪಾದ ಮೆತ್ತನೆ ತುದಿ ಉಳಿಸಬೇಕು. ತುದಿ ಕತ್ತರಿಸಿದ್ರೆ ಮೊದಲ ಸ್ಪರ್ಶವೇ ಸುತ್ತಿಗೆ ಏಟು.

ಶಾರ್ಟ್‌ಕಟ್_ರಾಜ:

ಇಷ್ಟೆಲ್ಲಾ ಯಾಕೆ ಗುರು? ಇರೋ ಸ್ಪ್ರಿಂಗಲ್ಲೇ ಒಂದು ಸುತ್ತು ಕಟ್ ಮಾಡಿದ್ರೆ ಆಯ್ತು. ಗ್ರೈಂಡರ್ ಬ್ಲೇಡ್ ಖರ್ಚು ಅಷ್ಟೇ.

ಗ್ರೀಸ್_ಕೈ:

ಆರು ಸುತ್ತಿನದರಲ್ಲಿ ಒಂದು ಹೋದ್ರೆ ರೇಟ್ 20 ಶೇಕಡಾ ಏರುತ್ತೆ, ಅದು ದೊಡ್ಡ ಸಮಸ್ಯೆ ಅಲ್ಲ. ಸಮಸ್ಯೆ ಎರಡು ಕಡೆ. ಸ್ಪ್ರಿಂಗ್ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ಕೂರೋ ಹಾಗೆ ಮಾಡಿರ್ತಾರೆ, ಕತ್ತರಿಸಿದ ತುದಿ ಹಾಗೆ ಕೂರಲ್ಲ, ಒಂದೇ ಬಿಂದುವಿನಲ್ಲಿ ಒತ್ತಿ ಬಟ್ಟಲನ್ನ ಸವೆಸುತ್ತೆ. ಎರಡನೆಯದು, ಚಕ್ರ ಪೂರ್ತಿ ಕೆಳಗೆ ತೂಗಿದಾಗ ಸ್ಪ್ರಿಂಗ್ ಸಡಿಲ ಬಿಡುತ್ತೆ. ಲೋಯರಿಂಗ್ ಸ್ಪ್ರಿಂಗ್ ಮಾಡೋರು ಆ ಸ್ಥಿತಿಯಲ್ಲೂ ಸ್ವಲ್ಪ ಒತ್ತಡ ಉಳಿಯೋ ಹಾಗೆ ಉದ್ದ ಇಟ್ಟಿರ್ತಾರೆ. ನೀವು ಕತ್ತರಿಸಿದ್ದು ಗುಂಡಿ ದಾಟುವಾಗ ಬಟ್ಟಲಿಂದ ಎದ್ದು ತಿರುಗಿ ಬೇರೆ ಕಡೆ ಕೂರುತ್ತೆ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದ್ರೆ ಹದ ಹೋಗಿ ಅಲ್ಲೇ ಮುರಿಯುತ್ತೆ.

ಸ್ಟೆಪ್ನಿ_ಸಿದ್ದ:

ಹಂಪ್ ಬಗ್ಗೆ ಯಾರೂ ಮಾತಾಡಲಿಲ್ಲ, ನಮ್ಮೂರಲ್ಲಿ ಅದೇ ತಾನೇ ತೀರ್ಮಾನ ಮಾಡೋದು.

ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಪೋಲೊದ ವೀಲ್‌ಬೇಸ್ 2.456 ಮೀಟರ್, ಅಂದ್ರೆ ಎರಡೂ ಆಕ್ಸಲ್ ಕಮಾನಿನ ಮೇಲೇ ಇರುತ್ತೆ. ಆಗ ಹೊಟ್ಟೆಗೆ ಬೇಕಾದ ಜಾಗ ವೀಲ್‌ಬೇಸ್‌ನ ವರ್ಗ ಭಾಗಿಸು ತ್ರಿಜ್ಯದ ಎಂಟು ಪಟ್ಟು, ಬರೀ 44 ಮಿ.ಮೀ. ಎಷ್ಟು ಇಳಿಸಿದ ಗಾಡಿಯೂ ದಾಟುತ್ತೆ. ಊರಿನವರೇ ರಾತ್ರೋರಾತ್ರಿ ಹಾಕಿದ ಕಿರಿದಾದ ಗೋಡೆಯಂಥ ಹಂಪ್ 100 ಮಿ.ಮೀ. ಇದ್ರೆ ಪೂರ್ತಿ 100 ತಿನ್ನುತ್ತೆ. ಗ್ರೌಂಡ್ ಕ್ಲಿಯರೆನ್ಸ್ 165 ಅಂತ ಇಟ್ಟು 35 ಇಳಿಸಿ, 130. ನಾಲ್ಕು ಜನ ಕೂತರೆ 280 ಕೆ.ಜಿ., ಮೂಲೆಗೆ 70, ಸುಮಾರು 30 ಮಿ.ಮೀ. ಕುಗ್ಗುತ್ತೆ. ಉಳಿದದ್ದು 100. ಕೆರೆಯುತ್ತೆ. 25 ಮಿ.ಮೀ. ಇಳಿಸಿದ್ರೆ ಬಚಾವ್. ನಮ್ಮ ರಸ್ತೆಗೆ 25–30ಕ್ಕಿಂತ ಹೆಚ್ಚು ಬೇಡ ಅಂತ ನಾನು ಹೇಳೋದು ಇದಕ್ಕೇ, ಶೋಕಿ ವಿರೋಧಿ ಅಂತಲ್ಲ.

ಕಾನೂನು: ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಪ್ರಕಾರ ಆರ್‌ಸಿಯಲ್ಲಿರೋ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿ ಬದಲಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿದಿದೆ. ಹಳೇ ಸ್ಪ್ರಿಂಗ್ ಎಸೀಬೇಡಿ, ಎಡ ಬಲ ಗುರುತು ಹಾಕಿ ಇಟ್ಕೊಳ್ಳಿ, ಇನ್ಶೂರೆನ್ಸ್‌ನವರಿಗೆ ಬರವಣಿಗೆಯಲ್ಲಿ ತಿಳಿಸಿ.

ತುಮಕೂರು_ಪೋಲೊ:

ಎಲ್ಲರಿಗೂ ಥ್ಯಾಂಕ್ಸ್. ಒಂದು ಉಳಿದ ಯೋಚನೆ: ಆ ಸೆಟ್‌ನ ಮುಂದಿನ ಎರಡು ಮಾತ್ರ ಹಾಕಿ, ಹಿಂದೆ ಕಂಪನಿ ಸ್ಪ್ರಿಂಗೇ ಬಿಟ್ರೆ? ಮುಂದೆ 21 ಇಳಿತ, ಹಿಂದೆ ಸೊನ್ನೆ. ಮಾರೋರು ಮುಂದಿನ ಜೋಡಿ ಮಾತ್ರ ಕೊಡೋಕೂ ರೆಡಿ.

ಲೆಕ್ಕದ_ಪುಸ್ತಕ:

ಓಡಿಸಬಹುದು, ಅಪಾಯವಿಲ್ಲ. ಆದರೆ ಮುಂದಿನ ರೇಟ್ ಮಾತ್ರ 28 ಶೇಕಡಾ ಏರಿಸಿದರೆ ಈ ಗಾಡಿಗೆ ಮೊದಲೇ ಇರುವ ಅಂಡರ್‌ಸ್ಟೀರ್ (ತಿರುವಿನಲ್ಲಿ ಮುಂಭಾಗ ಹೊರಗೆ ಜಾರುವ ಗುಣ) ಇನ್ನಷ್ಟು ಬೆಳೆಯುತ್ತದೆ. ಸವಾರಿಯ ವಿಷಯದಲ್ಲಿ ಹಳೆಯ ನಿಯಮ, 1930ರ ದಶಕದಲ್ಲಿ ಸಸ್ಪೆನ್ಷನ್ ಎಂಜಿನಿಯರ್ ಮಾರಿಸ್ ಓಲಿ ಕಂಡುಕೊಂಡದ್ದು: ಹಿಂದಿನ ಆವರ್ತನ ಮುಂದಿನದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ಮುಂಚಕ್ರ ಮೊದಲು ಗುಂಡಿ ಮುಟ್ಟುತ್ತದೆ, ಹಿಂಭಾಗ ಬೇಗ ಓಡಿ ಅದನ್ನು ಹಿಡಿಯಬೇಕು, ಆಗ ಗಾಡಿ ತೂಗದೆ ಮಟ್ಟವಾಗಿ ಕೂರುತ್ತದೆ. ಮುಂದೆ ಮಾತ್ರ ಗಟ್ಟಿ ಮಾಡಿದರೆ ಆ ಅಂತರ ಕರಗಿ, ಕಾಂಕ್ರೀಟ್ ಹೆದ್ದಾರಿಯ ಜಾಯಿಂಟ್‌ಗಳ ಮೇಲೆ ತಲೆಯಾಡಿಸುತ್ತದೆ.

ನನ್ನ ಅಭಿಪ್ರಾಯ: ಆ ಸೆಟ್ ಬಿಡಿ. ಪೆಟ್ರೋಲ್ ಮೂರು ಸಿಲಿಂಡರ್ ಗುಂಪಿನ, ಕ್ಯಾಟಲಾಗಿನಲ್ಲಿ 25ರ ಆಸುಪಾಸಿನ ಸೆಟ್ ಹುಡುಕಿ. ಇಂಡಿಯಾ ಎತ್ತರದ ದೆಸೆಯಿಂದ ಅದು ಇಲ್ಲಿ 30 ದಾಟಿ ಇಳಿಸುತ್ತದೆ. ಎಲ್ಲ ಎಂಜಿನ್‌ಗೂ ಒಂದೇ ನಂಬರ್ ಕೊಡುವ ಸೆಟ್ ಸಿಕ್ಕರೆ, ಅದನ್ನು ಯಾವ ಆಕ್ಸಲ್ ಭಾರಕ್ಕೆ ಮಾಡಿದ್ದು ಎಂದು ಕೇಳಿ. ಉತ್ತರ ಬರದಿದ್ದರೆ ಕೊಳ್ಳಬೇಡಿ. 1.2 ಟಿಎಸ್‌ಐ ಡಿಎಸ್‌ಜಿ (ಟರ್ಬೊ ಪೆಟ್ರೋಲ್, ಆಟೊಮ್ಯಾಟಿಕ್) ಇರುವವರು ಈ ಥ್ರೆಡ್ ಓದುತ್ತಿದ್ದರೆ: ಬ್ಲಾಕ್ ಅಲ್ಯೂಮಿನಿಯಂ ಆದರೂ ನಾಲ್ಕು ಸಿಲಿಂಡರ್, ಟರ್ಬೊ, ಗೇರ್‌ಬಾಕ್ಸ್ ಸೇರಿ ನಿಮ್ಮದು ಎರಡರ ನಡುವೆ ಬೀಳುತ್ತದೆ. "ಪೆಟ್ರೋಲ್" ಎಂಬ ಪದ ನಂಬದೆ ತೂಗಿಸಿ.

ಗ್ರೀಸ್_ಕೈ:

ಯಾವ ಸೆಟ್ ತಂದ್ರೂ ಫಿಟ್ಟಿಂಗ್‌ನಲ್ಲಿ ಇವು ತಪ್ಪೋದು ಬೇಡ.

ಸ್ಪ್ರಿಂಗ್ ಕಂಪ್ರೆಸರ್ ಎರಡೂ ಕೊಕ್ಕೆ ಎದುರುಬದುರು ಹಾಕಿ, ಒಂದೊಂದನ್ನ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಬೇಕು. ಕಂಪನಿ ಸ್ಪ್ರಿಂಗ್ ಗಾಡಿಯಲ್ಲಿದ್ದಾಗ 280 ಕೆ.ಜಿ. ಹೊತ್ತಿರುತ್ತೆ. ಕಂಪ್ರೆಸರ್ ಹಾಕದೆ ಟಾಪ್ ನಟ್ ಬಿಚ್ಚಿದ್ರೆ ಮೌಂಟಿಂಗ್ ಗುಂಡಿನ ಥರ ಹಾರುತ್ತೆ. ಟಾಪ್ ನಟ್‌ಗೆ ಇಂಪ್ಯಾಕ್ಟ್ ಗನ್ ಬೇಡ, ರಾಡ್ ಗಿರಗಿರ ತಿರುಗಿ ಶಾಕ್‌ನ ಸೀಲ್ ಹಾಳಾಗುತ್ತೆ. ರಾಡ್ ತುದಿ ಹಿಡಿದು ಕೈಯಲ್ಲೇ ಬಿಗಿಯಿರಿ.

ಸ್ಟ್ರಟ್ ಬಿಚ್ಚೋಕೆ ಮುಂಚೆ ಬ್ರೇಕ್ ಹೋಸ್ ಕ್ಲಿಪ್, ಎಬಿಎಸ್ ವೈರ್, ಸ್ಟೆಬಿಲೈಸರ್ ಲಿಂಕ್ ಬೇರೆ ಮಾಡಿ. ನಕಲ್ ಹೊರಗೆ ವಾಲಿ ಡ್ರೈವ್‌ಶಾಫ್ಟ್ ಎಳೆದುಕೊಳ್ಳದ ಹಾಗೆ ತಂತಿಯಲ್ಲಿ ಕಟ್ಟಿಡಿ, ಇಲ್ಲಾಂದ್ರೆ ಒಳಗಿನ ಸಿವಿ ಜಾಯಿಂಟ್ ಕಳಚುತ್ತೆ. ಸೆಲ್ಫ್ ಲಾಕ್ ನಟ್‌ಗಳು, ಡಿಗ್ರಿ ಲೆಕ್ಕದಲ್ಲಿ ಬಿಗಿಯೋ ಬೋಲ್ಟ್‌ಗಳು ಎಲ್ಲಾ ಹೊಸವು. ಟಾರ್ಕ್ ಅಂಕಿ ನಿಮ್ಮ ಮಾಡೆಲ್ ವರ್ಷದ ಸರ್ವಿಸ್ ಮ್ಯಾನ್ಯುಯಲ್‌ನಿಂದಲೇ ತಗೊಳ್ಳಿ.

ಹಿಂದೆ ಸುಲಭ. ಟಾರ್ಶನ್ ಬೀಮ್ (ಎರಡೂ ಹಿಂಚಕ್ರ ಜೋಡಿಸೋ ತೊಲೆ) ಕೆಳಗೆ ಜ್ಯಾಕ್ ಕೊಟ್ಟು ಶಾಕ್‌ನ ಕೆಳ ಬೋಲ್ಟ್ ತೆಗೆದು ನಿಧಾನ ಇಳಿಸಿದ್ರೆ ಸ್ಪ್ರಿಂಗ್ ಕೈಗೆ ಬರುತ್ತೆ. ಬ್ರೇಕ್ ಹೋಸ್ ಬಿಗಿಯಾಗ್ತಿದೆಯಾ ನೋಡ್ತಾ ಇಳಿಸಿ.

ಹೆಚ್ಚಿನ ಗ್ಯಾರೇಜ್‌ಗಳಲ್ಲಿ ಮಾಡದ ಕೆಲಸ ಒಂದಿದೆ. ಲೋವರ್ ಆರ್ಮ್ ಬುಷ್, ಹಿಂದಿನ ಬೀಮ್ ಬುಷ್ ಬೋಲ್ಟ್‌ಗಳನ್ನ ಸಡಿಲ ಮಾಡಿ, ಗಾಡಿ ತನ್ನ ಹೊಸ ಎತ್ತರದಲ್ಲಿ ಚಕ್ರದ ಮೇಲೆ ನಿಂತಾಗ ಮತ್ತೆ ಬಿಗಿಯಬೇಕು. ರಬ್ಬರ್ ಎರಡೂ ಬದಿಯ ಲೋಹಕ್ಕೆ ಅಂಟಿರುತ್ತೆ. ಹಳೇ ಎತ್ತರದಲ್ಲಿ ಬಿಗಿದದ್ದು ಹಾಗೇ ಬಿಟ್ರೆ ನಿಂತಲ್ಲೇ ತಿರುಚಿಕೊಂಡಿರುತ್ತೆ, ಬೇಗ ಹರಿಯುತ್ತೆ, ಗಾಡಿಯನ್ನೂ ಒಂದಿಷ್ಟು ಮೇಲೆ ಹಿಡಿದಿರುತ್ತೆ. "ಸ್ಪ್ರಿಂಗ್ ಹಾಕಿದ್ರೂ ಇಳೀಲಿಲ್ಲ" ಅನ್ನೋ ದೂರುಗಳಲ್ಲಿ ಕೆಲವು ಇದೇ.

ಸ್ಪ್ರಿಂಗ್ ಕೂತು ಹೊಂದಿಕೊಳ್ಳೋಕೆ ಕೆಲವು ನೂರು ಕಿ.ಮೀ. ಬೇಕು. ಟೋ (ಚಕ್ರ ಒಳಗೆ ಅಥವಾ ಹೊರಗೆ ತಿರುಗಿರೋ ಕೋನ) ಮೊದಲ ದಿನವೇ ನೋಡಿಸಿ, ಹೊಂದಿಕೊಂಡ ಮೇಲೆ ಪೂರ್ತಿ ಅಲೈನ್‌ಮೆಂಟ್ ಮತ್ತೊಮ್ಮೆ. ಕ್ಯಾಂಬರ್ (ಚಕ್ರ ವಾಲಿರೋ ಕೋನ) ಸ್ವಲ್ಪ ನೆಗೆಟಿವ್ ಆಗೋದು, ಅಂದ್ರೆ ಚಕ್ರದ ಮೇಲ್ಭಾಗ ಒಳಗೆ ವಾಲೋದು ಸಹಜ. ಟೈರಿನ ಒಳಅಂಚು ತಿನ್ನೋದು ಹೆಚ್ಚಾಗಿ ಕ್ಯಾಂಬರ್‌ನಿಂದಲ್ಲ, ತಪ್ಪಿದ ಟೋದಿಂದ.

ಲೆಕ್ಕದ_ಪುಸ್ತಕ:

ಹೆಡ್‌ಲೈಟ್ ಬಿಟ್ಟುಹೋಯಿತು. ಡೀಸೆಲ್ ಸೆಟ್ ಪೂರ್ತಿ ಹಾಕಿದ್ದರೆ ಮುಂದೆ 21, ಹಿಂದೆ 40. ವ್ಯತ್ಯಾಸ 19 ಮಿ.ಮೀ., ವೀಲ್‌ಬೇಸಿಗೆ ಭಾಗಿಸಿದರೆ 0.77 ಶೇಕಡಾ. 10 ಮೀಟರ್ ದೂರದ ಗೋಡೆಯಲ್ಲಿ ಬೆಳಕು 7.7 ಸೆಂ.ಮೀ. ಮೇಲೇರುತ್ತದೆ. ಡಿಪ್ ಲೈಟಿಗೆ ಕೊಡುವ ಇಳಿಜಾರೇ ಸಾಮಾನ್ಯವಾಗಿ ಒಂದು ಶೇಕಡಾ, ಅಂದರೆ 10 ಸೆಂ.ಮೀ. ಎದುರಿನವರ ಕಣ್ಣಿಗೇ ಹೊಡೆಯುತ್ತಿತ್ತು. ಸರಿಯಾದ ಗುಂಪಿನ ಸೆಟ್ ಹಾಕಿದ ಮೇಲೂ ಹಿಂದೆ ಮುಂದೆ ನಾಲ್ಕೈದು ಮಿ.ಮೀ. ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಅಲೈನ್‌ಮೆಂಟ್ ಆದ ಮೇಲೆ ಒಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಒಳಗಿನ ಹೆಡ್‌ಲೈಟ್ ಎತ್ತರದ ಗಾಲಿ ಸೊನ್ನೆಗಿಟ್ಟು ಬೀಮ್ ಹೊಂದಿಸಿಕೊಳ್ಳಿ.